ಹಗಲುವೇಷದ ಕೋಶ

ನಮ್ಮ ಕಡೆ ಹಗಲುವೇಷದವರು ಊರಿಗೆ ಬಂದರೆ ಇಂದು ರಾಮ, ನಾಳೆ ರಾವಣ. ಬಣ್ಣಕ್ಕೆ ಮರುಳಾಗದೆ ನಡಿಗೆಯಿಂದಲೇ ಆಳನ್ನು ಗುರುತಿಸುವ ಹಿರಿಯರು ಕಟ್ಟೆಯ ಮೇಲೆ ಇದ್ದೇ ಇರುತ್ತಾರೆ. ಸೂಕ್ಷ್ಮದರ್ಶಕದಡಿ ಮೆಲನೋಮ ಬಂದ ದಿನ ನನಗೆ ಬೇಕಾಗುವುದು ಆ ಕಣ್ಣು.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಇದು. ಕಂದು ಪುಡಿ ತುಂಬಿದ ದೊಡ್ಡ ಕೋಶ, ಅದರ ಕೇಂದ್ರದಲ್ಲಿ ಕುಂಕುಮದ ಬೊಟ್ಟಿನಂಥ ನ್ಯೂಕ್ಲಿಯೋಲಸ್: ಇದು ಪುಸ್ತಕದ ಚಿತ್ರ. ಸ್ಲೈಡಿನಲ್ಲಿ ಅದು ಒಮ್ಮೆ ಕದಿರಿನಂತೆ ನೀಳವಾಗಿ ಸಾರ್ಕೋಮ ಎಂಬ ಬೇರೊಂದು ಕ್ಯಾನ್ಸರಿನ ಹಾಗೆ ಕಾಣುತ್ತದೆ, ಇನ್ನೊಮ್ಮೆ ಸಣ್ಣಗೆ ದುಂಡಗೆ ಲಿಂಫೋಮ ಎಂಬ ಮತ್ತೊಂದರ ಹಾಗೆ. ಬಲೂನಿನಂತೆ ಉಬ್ಬಿದ್ದೂ ಉಂಟು. ಎಲ್ಲಕ್ಕಿಂತ ಮೋಸದ ವೇಷ ಡೆಸ್ಮೋಪ್ಲಾಸ್ಟಿಕ್; ನಾರುನಾರಾಗಿ ಹರಡಿ, ಮಾಗಿದ ಗಾಯದ ಕಲೆಯೆಂದೇ ನಂಬಿಸುತ್ತದೆ. ಮೆಲನೋಮ ಗುರುತಿಸಲು ಸ್ಲೈಡಿಗೆ ಹಾಕುವ ಎಚ್‌ಎಂಬಿ-45 ಬಣ್ಣ ಅಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ, ಎಸ್-100 ಮತ್ತು ಸಾಕ್ಸ್-10 ಕೈಹಿಡಿಯುತ್ತವೆ.

ಕಂದು ಕಂಡಿತೆಂದು ನಿರ್ಧರಿಸುವಂತೆಯೂ ಇಲ್ಲ. ಹಳೆಯ ರಕ್ತಸ್ರಾವ ಉಳಿಸಿದ ಕಬ್ಬಿಣವೂ ಕಂದೇ. ಪ್ರಷ್ಯನ್ ಬ್ಲೂ ಹಾಕಿದಾಗ ಕಬ್ಬಿಣ ನೀಲಿಯಾಗುತ್ತದೆ, ಚರ್ಮದ ಬಣ್ಣವಾದ ಮೆಲನಿನ್ ಆಗುವುದಿಲ್ಲ. ಕೆಲವು ಮೆಲನೋಮಗಳಲ್ಲಿ ಬಣ್ಣದ ಸುಳಿವೇ ಇರುವುದಿಲ್ಲ.

ಆದರೆ ಈ ಬಣ್ಣಗಳಿಗಿಂತ ಮೊದಲು ನೋಡಬೇಕಾದದ್ದು ರೋಗಿಯ ಅಂಗಾಲು. ಬಿಳಿಚರ್ಮದವರ ನಾಡಿನಲ್ಲಿ ಬಿಸಿಲು ಬಿದ್ದ ಮೈಮೇಲೆ ಹೆಚ್ಚಾಗಿ ಹುಟ್ಟುವ ಇದು ನಮ್ಮಲ್ಲಿ ಅಪರೂಪ. ಬಂದರೆ ಬಹಳ ಸಲ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುತ್ತದೆ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಂಥ ಊರಲ್ಲಿ ಹೊಲ ತುಳಿದ ಕಾಲಿನ ಕರಿ ಚುಕ್ಕೆಯನ್ನು ಮುರಿದ ಮುಳ್ಳು, ಆಣಿ, ಉಗುರುಸುತ್ತು ಎಂದುಕೊಳ್ಳುವುದು ಸಹಜ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನದೂ ಫುಟ್‌ಬಾಲ್ ಪೆಟ್ಟು ಎಂದೇ ಮೊದಲು ಭಾವಿಸಲಾಗಿತ್ತು. 1977ರಲ್ಲಿ ಮೆಲನೋಮ ಎಂದು ತಿಳಿಯಿತು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡ.

ನಮ್ಮ ಮೇಜಿಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ ‘ತೊಡೆಸಂದಿನ ಗಡ್ಡೆ’ ಎಂದಷ್ಟೇ ಇರುತ್ತದೆ. ಅಂಗಾಲಿನ ಮೆಲನೋಮ ತೊಡೆಸಂದಿಗೆ ಹರಡುವುದುಂಟು; ಗುರುತು ಸಿಗದ ಕೋಶಗಳು ಅಲ್ಲಿದ್ದರೆ ಫೋನೆತ್ತಿ ‘ಅಂಗಾಲು ನೋಡಿದಿರಾ?’ ಎಂದು ಕೇಳದ ರೋಗಶಾಸ್ತ್ರಜ್ಞ ಅರ್ಧ ಕೆಲಸ ಮಾತ್ರ ಮಾಡಿದ್ದಾನೆ ಎಂಬುದು ನನ್ನ ಖಚಿತ ಅಭಿಪ್ರಾಯ.

1970ರಲ್ಲಿ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ ಚರ್ಮದ ಮೆಲನೋಮದ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುವುದನ್ನು ತೋರಿಸಿಕೊಟ್ಟ. ಇಂದಿಗೂ ರೋಗಿಯ ಮುಂದಿನ ದಾರಿಯನ್ನು ಬಹುಮಟ್ಟಿಗೆ ಹೇಳುವುದು ಆ ಅಳತೆ. 1 ಮಿಲಿಮೀಟರಿನೊಳಗೆ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. 4 ದಾಟಿದರೆ ಅಪಾಯ ಬಹಳ. ಬ್ಲೇಡಿನಿಂದ ಕೆತ್ತಿದ, ಆಸಿಡ್ ಹಚ್ಚಿ ಸುಟ್ಟ ಮಚ್ಚೆಯಲ್ಲಿ ಆ ಅಳತೆ ಸಿಗುವುದೇ ಇಲ್ಲ.

ಅಂಗಾಲಿನ ಕರಿ ಚುಕ್ಕೆ ಹರಡುತ್ತಿದ್ದರೆ, ಹುಣ್ಣಾಗಿ ಮಾಯದಿದ್ದರೆ ಮನೆಯಲ್ಲಿ ಕೆತ್ತಬೇಡಿ, ವೈದ್ಯರಿಗೆ ತೋರಿಸಿ. ಅವರು ತೆಗೆದ ತುಣುಕು ಎಷ್ಟೇ ಚಿಕ್ಕದಿರಲಿ, ಎಸೆಯಲು ಬಿಡದೆ ಫಾರ್ಮಲಿನ್‌ನಲ್ಲಿ ಹಾಕಿಸಿ ಪರೀಕ್ಷೆಗೆ ಕಳುಹಿಸಿ.