ಮರೆವಿನ ಕಥನ: ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮತ್ತು ಅದರ ಅಭಿಮಾನಿಗಳ ಬೇಸರ

2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಸಂಸ್ಥೆ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’, ಸಾವಿರಾರು ಜನ ಅಂತರ್ಜಾಲದ ಮೂಲಕ ಅಝೆರಾತ್ ಎಂಬ ಕಲ್ಪಿತ ಲೋಕದಲ್ಲಿ ಒಟ್ಟಿಗೆ ಸೇರಿ ಆಡುವ ಆಟ. 2010ರಲ್ಲಿ ಅದರ ಚಂದಾದಾರರ ಸಂಖ್ಯೆ 1.2 ಕೋಟಿ ಮುಟ್ಟಿತ್ತು. ಸುಮಾರು ಎರಡು ವರ್ಷಕ್ಕೊಮ್ಮೆ ಬರುವ ‘ಎಕ್ಸ್‌ಪ್ಯಾನ್ಷನ್’ಗಳು, ಅಂದರೆ ಮೂಲ ಆಟಕ್ಕೆ ಹೊಸ ಪ್ರದೇಶವನ್ನೂ ಹೊಸ ಶತ್ರುವನ್ನೂ ಸೇರಿಸುವ ದೊಡ್ಡ ಕಂತುಗಳು, ಇದರ ಕಥೆಯನ್ನು ಮುಂದುವರಿಸುತ್ತವೆ. ಈ ಕಥೆಯ ಬಗ್ಗೆ ಅಭಿಮಾನಿಗಳಲ್ಲಿ, ಅದರಲ್ಲೂ 2018ರ ನಂತರ, ದಟ್ಟವಾದ ಬೇಸರವನ್ನು ಪುನರಾವರ್ತನೆಯ ವಿರುದ್ಧದ ದೂರು ಎಂದಷ್ಟೇ ಓದಿದರೆ ಅದರ ಆಳ ಸಿಗುವುದಿಲ್ಲ. ಒಂದೇ ಘಟನೆ ಮತ್ತೆ ನಡೆದಾಗ ಹಿಂದಿನ ಸಲ ತಾವು ಕಂಡದ್ದನ್ನು, ಕಲಿತದ್ದನ್ನು ಕಥೆಯೇ ಮರೆತಿರುವುದು ಅವರ ನಿಜವಾದ ನೋವು.

ಈ ಪರಂಪರೆಯ ಅಚ್ಚು ಸಿದ್ಧವಾದದ್ದು 2002ರ ‘ವಾರ್‌ಕ್ರಾಫ್ಟ್ 3’ರಲ್ಲಿ. ಅಲ್ಲಿ ಪ್ರಜೆಗಳನ್ನು ಕಾಪಾಡಲು ಹೊರಟ ರಾಜಕುಮಾರ ಆರ್ಥಸ್, ಸ್ಟ್ರ್ಯಾಥೋಮ್ ನಗರದಲ್ಲಿ ಸೋಂಕು ತಗುಲಿದ ತನ್ನವರನ್ನೇ ಕೊಂದು, ಫ್ರಾಸ್ಟ್‌ಮೋರ್ನ್ ಎಂಬ ಶಾಪಗ್ರಸ್ತ ಖಡ್ಗಕ್ಕೆ ಆತ್ಮವನ್ನು ತೆತ್ತು, ಕೊನೆಗೆ ಪಿತೃಹಂತಕನಾಗುತ್ತಾನೆ. ಆಟಗಾರ ಅವನ ಪಕ್ಕದಲ್ಲೇ ನಡೆದು ಒಂದೊಂದು ತೀರ್ಮಾನವನ್ನೂ ಕಂಡಿದ್ದನಾದ್ದರಿಂದ ಆ ಪತನಕ್ಕೆ ದುರಂತನಾಟಕದ ತೂಕವಿತ್ತು. ಆದರೆ ಮುಂದಿನ ಲೇಖಕರು ಆ ದಾರಿಯನ್ನು ಬಿಟ್ಟು ಫಲವನ್ನಷ್ಟೇ ಎತ್ತಿಕೊಂಡರು: 2007ರ ಕಂತಿನಲ್ಲಿ ಕೇಲ್‌ಥಾಸ್, ಇಲಿಡನ್ ಮುಂತಾದ ಹಳೆಯ ನಾಯಕರು ಸಾಕಷ್ಟು ಕಾರಣವಿಲ್ಲದೆಯೇ ಖಳರಾಗಿ ಎದುರಾದರು.

ಮರೆವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಹೋರ್ಡ್ ಬಣದ ಚರಿತ್ರೆಯಲ್ಲಿ. ಆಟದ ಲೋಕ ಹೋರ್ಡ್ ಮತ್ತು ಅಲಯನ್ಸ್ ಎಂಬ ಎರಡು ಬಣಗಳಾಗಿ ಒಡೆದಿದ್ದು, ನೆಲೆ ತಪ್ಪಿದ ಓರ್ಕ್, ಟೋರೆನ್, ಟ್ರೋಲ್ ಕುಲಗಳನ್ನು ಥ್ರಾಲ್ ಎಂಬ ನಾಯಕ ಒಗ್ಗೂಡಿಸಿ ಕಟ್ಟಿದ ಹೋರ್ಡ್ ತನ್ನ ಮಾನವನ್ನೇ ಗುರುತಾಗಿಸಿಕೊಂಡಿತ್ತು. ಥ್ರಾಲ್‌ನ ನಂತರ ಬಂದ ಗ್ಯಾರೋಷ್, 2012ರ ಕಥಾಭಾಗದಲ್ಲಿ ಥೆರಮೋರ್ ನಗರವನ್ನು ಬಾಂಬಿನಿಂದ ಅಳಿಸಿಹಾಕಿದಾಗ, 2013ರಲ್ಲಿ ಅವನ ವಿರುದ್ಧ ಬಂಡೆದ್ದ ಹೋರ್ಡ್ ಯೋಧರೂ ಅಲಯನ್ಸ್ ಸೇನೆಯೂ ರಾಜಧಾನಿ ಆರ್ಗ್ರಿಮಾರ್‌ಗೆ ಮುತ್ತಿಗೆ ಹಾಕಿದರು. ಐದು ವರ್ಷಗಳ ತರುವಾಯ ಹೋರ್ಡ್‌ನ ಆಗಿನ ನಾಯಕಿ ಸಿಲ್ವಾನಸ್, ನೈಟ್ ಎಲ್ಫ್‌ಗಳ ನೆಲೆಯಾದ ಟೆಲ್ಡ್ರಾಸಿಲ್ ಮಹಾವೃಕ್ಷವನ್ನು ಜನರ ಸಮೇತ ಸುಡಿಸಿದಳು. 2019ರಲ್ಲಿ ಎರಡೂ ಕಡೆಯವರು ಮತ್ತೆ ಅದೇ ಆರ್ಗ್ರಿಮಾರ್‌ನ ಬಾಗಿಲಿಗೆ ಬಂದು ನಿಂತರು. ಒಮ್ಮೆ ದಬ್ಬಾಳಿಕೆಯನ್ನು ಉರುಳಿಸಿದ್ದ ಜನಕ್ಕೆ ಆ ಅನುಭವ ಏನನ್ನೂ ಕಲಿಸಿರಲಿಲ್ಲವೆಂಬಂತೆ ನಡೆದ ಈ ಕಥೆ, ಹೋರ್ಡ್ ಪರವಾಗಿ ವರ್ಷಗಟ್ಟಲೆ ಆಡಿದವರನ್ನು ತಾವು ಒಪ್ಪದ ಕೃತ್ಯದ ಪಾಲುದಾರರನ್ನಾಗಿಸಿತು, ಮತ್ತು ಅವರ ಸಿಟ್ಟು ನ್ಯಾಯವಾದದ್ದು.

ಈ ಮರೆವಿಗೆ ಬರಹಗಾರರ ಕಲ್ಪನೆಯ ಬಡತನವೊಂದೇ ಕಾರಣವಲ್ಲ. ಪ್ರತಿ ಕಂತೂ ‘ರೇಡ್’ನಲ್ಲಿ, ಅಂದರೆ ಹತ್ತಾರು ಆಟಗಾರರು ಕೂಡಿ ಬಲಿಷ್ಠ ಎದುರಾಳಿಗಳನ್ನು ಎದುರಿಸುವ ಸಾಹಸದಲ್ಲಿ ಮುಗಿಯಬೇಕಾದ್ದರಿಂದ ಸಾಯಲು ದೊಡ್ಡ ಹೆಸರೊಂದು ಸದಾ ಬೇಕಾಗುತ್ತದೆ, ಎರಡೂ ಬಣದವರು ಚಂದಾ ಕಟ್ಟುವವರಾದ್ದರಿಂದ ಯಾವ ಯುದ್ಧದಲ್ಲೂ ಒಬ್ಬರು ನಿರ್ಣಾಯಕವಾಗಿ ಸೋಲುವಂತಿಲ್ಲ. ಗ್ಯಾರೋಷ್‌ನ ವಿಚಾರಣೆಯಂಥ ಮುಖ್ಯ ಪ್ರಸಂಗ ಆಟದಲ್ಲಿ ಬಾರದೆ, 2014ರಲ್ಲಿ ಕ್ರಿಸ್ಟಿ ಗೋಲ್ಡನ್ ಬರೆದ ‘ವಾರ್ ಕ್ರೈಮ್ಸ್’ ಕಾದಂಬರಿಯ ಪಾಲಾದದ್ದು ಈ ಕಟ್ಟಿನ ಇನ್ನೊಂದು ಬಿರುಕು.

2020ರ ‘ಶ್ಯಾಡೋಲ್ಯಾಂಡ್ಸ್’ ಕಂತು ಮರೆವಿನಿಂದಾಚೆಗೆ ಹೋಗಿ ಹಳೆಯ ಕಥೆಯನ್ನೇ ತಿದ್ದಿತು. ಫ್ರಾಸ್ಟ್‌ಮೋರ್ನ್ ಖಡ್ಗದ ಹುಟ್ಟಿನ ಹಿಂದೆಯೂ ಇದ್ದವನು ‘ಜೈಲರ್’ ಎಂಬ ಹೊಸ ಖಳನೆಂದು ಅದು ಘೋಷಿಸಿದಾಗ, ಆರ್ಥಸ್‌ನ ಸ್ವಂತ ತೀರ್ಮಾನಗಳಿಂದ ಹುಟ್ಟಿದ್ದ ದುರಂತ ಯಾರದೋ ಸಂಚಿನ ಸಣ್ಣ ಭಾಗವಾಗಿ ಕುಗ್ಗಿತು. ರಾಜಕುಮಾರನಾಗಿ ಬೆಳೆದು ದೊರೆಯಾದ ಆಂಡುಯಿನ್‌ನನ್ನು ಅದೇ ಶಾಪಕ್ಕೆ ಒಳಪಡಿಸಿ ಆರ್ಥಸ್‌ನ ಚಿತ್ರವನ್ನು ಮತ್ತೆ ಬರೆದದ್ದೂ ಸಾಲದೆ, 2022ರಲ್ಲಿ ಆರ್ಥಸ್‌ನ ಆತ್ಮದ ಕೊನೆಯ ತುಣುಕು ಒಂದು ಮಾತನ್ನೂ ಆಡದೆ ಕರಗಿಹೋಯಿತು. ಎರಡು ದಶಕ ಅವನ ಕಥೆಯನ್ನು ಹೊತ್ತವರಿಗೆ ಇದಕ್ಕಿಂತ ದೊಡ್ಡ ಅನಾದರ ಬೇರೆಯಿರಲಿಲ್ಲ. 2021ರಲ್ಲಿ ಅನೇಕರು ಆಶ್ರಯಿಸಿದ ಜಪಾನಿನ ‘ಫೈನಲ್ ಫ್ಯಾಂಟಸಿ 14’ ಆಟದಲ್ಲೂ ಲೋಕವಿನಾಶದ ಭೀತಿ ಮರಳಿ ಮರಳಿ ಬರುತ್ತದೆ, ಆದರೆ ಅಲ್ಲಿನ ಪಾತ್ರಗಳು ಸತ್ತವರ ಹೆಸರನ್ನು ಹೊತ್ತು ನಡೆಯುತ್ತವೆ.

2022ರ ‘ಡ್ರಾಗನ್‌ಫ್ಲೈಟ್’ ನಂತರ ಕೆಲವು ಹಳೆಯ ಸಾಲಗಳು ತೀರತೊಡಗಿವೆ: ನೈಟ್ ಎಲ್ಫ್‌ಗಳಿಗೆ ಹೊಸ ಮರದಡಿ ನೆಲೆ ಸಿಕ್ಕಿತು, 2010ರ ಕಂತಿನಲ್ಲಿ ಕಳೆದುಹೋಗಿದ್ದ ಗಿಲ್ನಿಯಾಸ್ ರಾಜ್ಯ 2024ರಲ್ಲಿ ಅದರ ಜನರ ಕೈಸೇರಿತು. ಆದರೂ ಹದಿಮೂರು ವರ್ಷ ಕಾದವರಿಗೆ ಆ ಮರಳಿಕೆಯನ್ನು ಒಂದು ಕಿರು ಪ್ರಸಂಗದಲ್ಲಿ ಮುಗಿಸಿದ ಅವಸರ, ನೆನಪಿಗೆ ಬೇಕಾದ ಸಾವಧಾನವನ್ನು ಈ ಪರಂಪರೆ ಇನ್ನೂ ರೂಢಿಸಿಕೊಂಡಿಲ್ಲವೆಂಬುದನ್ನು ತೋರಿಸುತ್ತದೆ.