ಪುಣೇಕರ ಆಗುವುದು ಯಾರಿಗೆ ಬೇಕು?

ಪುಣೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಯಾರಾದರೊಬ್ಬರು ಮರಾಠಿ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರ ಆ ಹರಟೆಯನ್ನು ಕೇಳಿಸಿಯೇ ತೀರುತ್ತಾರೆ. ನನಗೆ ಕೇಳಿಸಿದವರು ಮನೆಯ ಯಜಮಾನರು, ಡಿಪಾಜಿಟ್ಟಿನ ಹಣವನ್ನು ಎರಡೆರಡು ಸಲ ಎಣಿಸಿ ಒಳಗಿಟ್ಟ ಮೇಲೆ. ನೀವು ಯಾರಾಗಬೇಕು, ಮುಂಬೈಕರರೋ, ಪುಣೇಕರರೋ, ನಾಗಪುರಕರರೋ ಎಂದು ಕೇಳಿ, ಒಂದೊಂದಕ್ಕೂ ಬೇಕಾದ ತಯಾರಿಯನ್ನು ಪಾಠ ಒಪ್ಪಿಸುವ ಧಾಟಿಯಲ್ಲಿ ಹೇಳುವ ಹರಟೆ ಅದು. ಕ್ಯಾಸೆಟ್ಟಿನ ಕಾಲದಿಂದ ಯೂಟ್ಯೂಬಿನ ಕಾಲದವರೆಗೆ ಮರಾಠಿ ಮನೆಗಳಲ್ಲಿ ಬಾಯಿಪಾಠವಾಗಿದೆ. ಯಜಮಾನರು ಪು.ಲ. ಅವರಿಗಿಂತ ಅರ್ಧ ಸಾಲು ಮುಂದೆ ಹೇಳುತ್ತ, ಪ್ರತಿ ನಗೆಗೂ ನನ್ನ ಮುಖ ನೋಡುತ್ತಿದ್ದರು. ನಾನೂ ನಕ್ಕೆ. ಬಾಡಿಗೆ ಕರಾರಿಗೆ ಇನ್ನೂ ಸಹಿ ಬಿದ್ದಿರಲಿಲ್ಲ.

ಆಮೇಲೆ ಅದನ್ನು ಹತ್ತಾರು ಸಲ ಕೇಳಿದ್ದೇನೆ, ಒಂದೊಂದು ಸಲಕ್ಕೂ ನಗೆ ಒಂದಿಷ್ಟು ಸವೆದಿದೆ. ಪು.ಲ. ಎಂಥ ಲೇಖಕರು, ಅವರ ಕಿವಿ ಎಷ್ಟು ಸೂಕ್ಷ್ಮ ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ಈ ಹರಟೆಯಲ್ಲೂ ಗಡಿಯಾರದ ಮುಳ್ಳಿಗೆ ಕಟ್ಟಿಹಾಕಿದ ಮುಂಬೈಕರನ ಭಾಗ ಚೆನ್ನಾಗಿಯೇ ಇದೆ. ಆದರೆ ಊರ ಅಭಿಮಾನದ ಬಗ್ಗೆ ಮರಾಠಿಯಲ್ಲಿ ಬಂದ ಶ್ರೇಷ್ಠ ಬರಹ ಎಂದು ಇದನ್ನು ಹೊತ್ತು ಮೆರೆಸುವುದಕ್ಕೆ ನನ್ನ ತಕರಾರಿದೆ. ಅಂಥ ಬರಹವನ್ನು ಪು.ಲ. ಬರೆದಿದ್ದಾರೆ, ಇಲ್ಲವೆನ್ನುವುದಿಲ್ಲ. ಅದು ಬೇರೆ ಪುಸ್ತಕದಲ್ಲಿದೆ, ಅದರ ನಾಯಕ ಬೆಳಗಾವಿಯ ಕನ್ನಡಿಗ.

ಮೊದಲು ಹರಟೆಯನ್ನೇ ನೋಡೋಣ. ಪುಣೇಕರನಿಗೆ ಬೇಕಾದ ಮೊದಲ ಬಂಡವಾಳ 'ಜಾಜ್ವಲ್ಯ ಅಭಿಮಾನ'. ಯಾವುದರ ಬಗ್ಗೆ ಎಂಬ ಪ್ರಶ್ನೆಯಿಲ್ಲ, ಧಗಧಗ ಉರಿದರೆ ಸಾಕು. ಜೊತೆಗೆ ಜಗತ್ತಿನ ಯಾವ ವಿಷಯದ ಮೇಲೂ ಅಭಿಪ್ರಾಯ ಇಟ್ಟುಕೊಂಡಿರಬೇಕು. ಇಲ್ಲಿ ಪು.ಲ. ಮಹಾನಗರಪಾಲಿಕೆಯ ಇಲಿ ಕೊಲ್ಲುವ ವಿಭಾಗದ ನೌಕರನೊಬ್ಬನನ್ನು ಕರೆತರುತ್ತಾರೆ. ಕೆಲಸ ಇಲಿಯದು, ಮಾತು ಅಮೆರಿಕದ ಅರ್ಥವ್ಯವಸ್ಥೆಯದು. ಕೇಳುಗರ ನಗೆ ಒಡೆಯುವುದು ಇಲ್ಲಿಯೇ. ನಮ್ಮ ಯಜಮಾನರು ತೊಡೆ ತಟ್ಟಿಕೊಂಡದ್ದೂ ಇಲ್ಲಿಯೇ.

ಈ ನಗೆ ಎಲ್ಲಿಂದ ಬಂತು? ಅಮೆರಿಕದ ಅರ್ಥವ್ಯವಸ್ಥೆಯ ಬಗ್ಗೆ ತಿಳಿಯದೆ ಮಾತಾಡುವವರು ಕಾಲೇಜಿನಲ್ಲೂ ಇದ್ದಾರೆ, ಬ್ಯಾಂಕಿನಲ್ಲೂ ಇದ್ದಾರೆ. ಅಲ್ಲಿಂದ ಒಬ್ಬನನ್ನು ಹೆಕ್ಕಿದ್ದರೆ ನಗೆ ಅರ್ಧಕ್ಕಿಳಿಯುತ್ತಿತ್ತು. ಇಲಿ ಬಂದದ್ದಕ್ಕೇ ನಗೆ ಬಂತು. ಅಂದರೆ ಕೇಳುಗರು ನಗುತ್ತಿರುವುದು ಅವನ ಅಜ್ಞಾನಕ್ಕಿಂತ ಹೆಚ್ಚಾಗಿ ಅವನ ಅಂತಸ್ತಿಗೆ. ಇಲಿ ಕೊಲ್ಲುವವನು ಇಲಿಯ ಬಗ್ಗೆ ಮಾತ್ರ ಮಾತಾಡಬೇಕು ಎಂಬ ಒಪ್ಪಂದ ಕೇಳುಗರಿಗೂ ಲೇಖಕರಿಗೂ ಮೊದಲೇ ಆಗಿದೆ. ಅದೂ ಯಾವ ಊರಲ್ಲಿ? 1897ರಲ್ಲಿ ಪ್ಲೇಗಿಗೆ ತತ್ತರಿಸಿದ ಪುಣೆಯಲ್ಲಿ. ಆ ವರ್ಷ ಮಾರ್ಚಿನಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗಕ್ಕೆ ತೀರಿಕೊಂಡರು. ಜೂನಿನಲ್ಲಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಪುಣೆಯ ಜಾಜ್ವಲ್ಯ ಅಭಿಮಾನದ ಎರಡು ದೊಡ್ಡ ಕಥೆಗಳ ಬುಡದಲ್ಲಿ ಇಲಿಯೇ ಇದೆ. ಆ ಊರಲ್ಲಿ ಅಭಿಮಾನ ಪಡಲು ಎಲ್ಲರಿಗಿಂತ ಹೆಚ್ಚು ಹಕ್ಕಿರುವ ನೌಕರ ಯಾರಾದರೂ ಇದ್ದರೆ ಅವನು ಈ ಇಲಿ ವಿಭಾಗದವನು. ಪು.ಲ. ಅಂಥ ಒಬ್ಬನನ್ನು ವೇದಿಕೆಗೆ ತಂದು, ಅವನ ಮಾತು ಕೇಳಿಸದೆ ಕಳಿಸಿಬಿಟ್ಟರು.

ಇದು ವಿಡಂಬನೆ, ನೀವು ಬೆತ್ತ ಹಿಡಿದು ಓದುತ್ತೀರಿ ಎಂದು ಮರಾಠಿ ಗೆಳೆಯರು ಹೇಳುತ್ತಾರೆ. ಪು.ಲ. ಹುಟ್ಟಿದ್ದು ಮುಂಬೈಯಲ್ಲಿ, ಹೊರಗಿನವರ ಕಣ್ಣಿಂದ ಪುಣೇಕರರ ಕಾಲೆಳೆದಿದ್ದಾರೆ ಎಂಬುದು ಅವರ ಸಮರ್ಥನೆ. ಇರಲಿ. ವಿಡಂಬನೆಗೆ ಗುರಿಯಾದವನು ಒಂದು ಗಳಿಗೆಯಾದರೂ ಮುಖ ಸಿಂಡರಿಸಬೇಕಲ್ಲ? ಇಲ್ಲಿ ಗುರಿಯಾದವರೇ ಅದನ್ನು ಬಿರುದಿನ ಹಾಗೆ ಎದೆಗಂಟಿಸಿಕೊಂಡಿದ್ದಾರೆ. ಬೆಲ್ ಒಮ್ಮೆ ಒತ್ತಿ, ನಾವು ಕಿವುಡರಲ್ಲ ಎಂಬ ಧಾಟಿಯ 'ಪುಣೇರಿ ಪಾಟಿ' ಫಲಕಗಳು ಈಗ ಟೀ ಶರ್ಟು, ಚಹಾದ ಮಗ್ಗುಗಳ ಮೇಲೆ ಮಾರಾಟಕ್ಕಿವೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ಪದ್ಧತಿಯನ್ನು ತಿಂಡಿ ಅಂಗಡಿಯ ಚಿತಳೆ ಬಂಧುಗಳು 2017ರಲ್ಲಿ ಕೈಬಿಟ್ಟಾಗ ಅದು ಪತ್ರಿಕೆಗಳಿಗೆ ಸುದ್ದಿಯಾಯಿತು. ಬಾಕರವಡಿ ಮೂರು ಗಂಟೆ ಹೆಚ್ಚಿಗೆ ಸಿಗುತ್ತದೆ ಎಂದು ಸಂತೋಷಪಡುವ ಬದಲು, ಒಂದು ಪರಂಪರೆ ಮುಗಿಯಿತು ಎಂದು ಮರುಗಿದವರನ್ನು ನಾನೇ ಕಂಡಿದ್ದೇನೆ.

ಅಂಗಡಿಯ ಮಾತು ಬಂದದ್ದಕ್ಕೆ ನನ್ನದೊಂದು. ಬಂದ ಮೊದಲ ತಿಂಗಳು, ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿರುವಾಗ, ಪೇಠೆಯ ಒಂದು ಅಂಗಡಿಯಲ್ಲಿ ದೊಡ್ಡ ನೋಟುಬುಕ್ಕು ಬೇಕಿತ್ತು. 'ಮೋಠಾ ವಹೀ' ಎಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, 'ಮೋಠೀ' ಎಂದು ತಿದ್ದಿ, ಶಟರನ್ನು ಅರ್ಧಕ್ಕೆಳೆದರು. ಮರಾಠಿಯಲ್ಲಿ ಕಾಗದ ಗಂಡು, ವಹಿ ಹೆಣ್ಣು, ಪುಸ್ತಕ ನಪುಂಸಕ. ನಿರ್ಜೀವವಾದದ್ದೆಲ್ಲ 'ಅದು' ಎಂದು ಬೆಳೆದ ನಾವು ಇದನ್ನು ಯಾವ ಗುರುತಿನ ಮೇಲೆ ಹೇಳಬೇಕು? ನೋಟುಬುಕ್ಕು ಸಿಗಲಿಲ್ಲ, ಲಿಂಗಜ್ಞಾನ ಪುಕ್ಕಟೆ ಸಿಕ್ಕಿತು.

ಆ ಅಂಗಡಿಯವರ ಮಾತನ್ನು ನಾನು ಅವರಿಗೇ ತಿರುಗಿಸಬಹುದಿತ್ತೇ? ಹರಟೆಯ ಸೊಗಸಾದ ಆಶ್ವಾಸನೆಯೊಳಗಿನ ಮೋಸ ಇಲ್ಲಿದೆ. ಯಾರು ಬೇಕಾದರೂ ಪುಣೇಕರರಾಗಬಹುದು, ವರಸೆ ಕಲಿತರೆ ಸಾಕು ಎಂದು ಅದು ಹೇಳುತ್ತದೆ. ಆದರೆ ಗಿರಾಕಿಯನ್ನು ಗದರಿಸಲು ಮೊದಲು ಅಂಗಡಿ ಸ್ವಂತದ್ದಾಗಿರಬೇಕು. ಫಲಕ ತೂಗುಹಾಕಲು ಬಾಗಿಲೊಂದು ಬೇಕು. ವಾರ್ಜೆ ಕಡೆಯ ಮಜೂರ ಅಡ್ಡಾದಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವ ಕಲಬುರಗಿ, ವಿಜಯಪುರ, ಯಾದಗಿರಿಯ ಮಂದಿ ಈ ವರಸೆ ತೋರಿಸಿದರೆ ಆ ದಿನದ ಪಗಾರ ಹೋಯಿತು. ಅವರು ಕಟ್ಟಿದ ಕಟ್ಟಡದಲ್ಲಿ ಕೂತವನು ಹರಟೆ ಕೇಳಿ ಪುಣೇಕರನಾಗುತ್ತಾನೆ, ಕಟ್ಟಿದವರು ಇಪ್ಪತ್ತು ವರ್ಷವಾದರೂ 'ಕಾನಡಿ' ಆಗಿಯೇ ಇರುತ್ತಾರೆ.

ಹಾಗೆಂದು ಎಲ್ಲ ಕನ್ನಡಿಗರಿಗೂ ಹೀಗಾಗಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಹೋಟೆಲನ್ನು ಪುಣೇಕರರು ಶನಿವಾರವಾಡೆಯಷ್ಟೇ ಅಭಿಮಾನದಿಂದ ತೋರಿಸುತ್ತಾರೆ. ಅದನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಉಡುಪಿ ಕಡೆಯವರು. ಊರಿಗೂರೇ ಅವರನ್ನು ತನ್ನವರೆಂದಿತು. ಹರಟೆಯ ಪಾಠದಂತೆ ಗಿರಾಕಿಯನ್ನು ಕಡೆಗಣಿಸಿದ್ದರೆ ಇದು ಆಗುತ್ತಿತ್ತೇ?

ಇನ್ನು, ಎಲ್ಲರಿಗೂ ಪುಣೇಕರರಾಗುವ ಆಸೆ ಇದೆ ಎಂದು ಹರಟೆ ಗ್ರಹಿಸಿಕೊಂಡಿದೆ. 2017ರಲ್ಲಿ ಸುತ್ತಲಿನ 11 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದಾಗ ಉರುಳಿ ದೇವಾಚಿ, ಫುರಸುಂಗಿ ಎಂಬ ಎರಡೂರೂ ಸೇರಿದವು. ಪುಣೆಯ ಕಸ ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಅಲ್ಲಿಗೇ ಹೋಗಿ ಬೀಳುತ್ತಿತ್ತು. ಪುಣೇಕರರಾದ ಮೇಲೆ ತೆರಿಗೆ ಏರಿತು, ಸೌಕರ್ಯ ಏರಲಿಲ್ಲ ಎಂದು ಜಗಳವೆದ್ದು, ಕೊನೆಗೆ ಎರಡನ್ನೂ ಪಾಲಿಕೆಯಿಂದ ಬಿಡಿಸಿ ಬೇರೆ ನಗರಪರಿಷತ್ತು ಮಾಡಿದರು. ಕನ್ನಡದಲ್ಲಿ ನಾವು ಹೊಸ ಊರಿಗೆ ಹೋದವರನ್ನು ಕೇಳುವುದು 'ಅಲ್ಲಿನ ನೀರು ಒಗ್ಗಿತೇನು?' ಎಂದು. ಊರು ನಮಗೆ ಒಗ್ಗಬೇಕು ಎಂಬ ನಿರೀಕ್ಷೆ ಅದರಲ್ಲಿದೆ. ಪು.ಲ. ಹರಟೆ ಕೇಳುವುದು ತದ್ವಿರುದ್ಧ, ನೀವು ಊರಿಗೆ ಒಗ್ಗುತ್ತೀರಾ ಎಂದು. ಉರುಳಿಯವರು ಕನ್ನಡದ ಪ್ರಶ್ನೆ ಕೇಳಿಕೊಂಡರು.

ಇಷ್ಟು ಹೇಳಿದ ಕೂಡಲೇ ನಮ್ಮ ಧಾರವಾಡದ ವಿಮರ್ಶಕ ಮಿತ್ರರು ಚಪ್ಪಾಳೆ ತಟ್ಟುತ್ತಾರೆಂದು ಗೊತ್ತು. ಅವರ ಚಪ್ಪಾಳೆ ನನಗೆ ಬೇಡ. ಅವರದ್ದೂ ಒಂದು ಹರಟೆಯಿದೆ, ಆದರೆ ಅದರಲ್ಲಿ ನಗೆಯೂ ಇಲ್ಲ. ಗಾಯಕ ಭೀಮಸೇನ ಜೋಶಿ ಪುಣೆಗೆ ಹೋಗಿ ಪುಣೆಯವರಾದರು, ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಬಿಡಲಿಲ್ಲ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿ ಬಿಡಲಿಲ್ಲ, ಆದ್ದರಿಂದ ಮಣ್ಣಿನ ಸತ್ವ ಉಳಿದದ್ದು ಇವರಲ್ಲಿ ಎಂಬ ವಾದವನ್ನು ಎಷ್ಟು ವಿಚಾರ ಸಂಕಿರಣಗಳಲ್ಲಿ ಕೇಳಿಲ್ಲ! ಮನ್ಸೂರರ ಗಾಯನಕ್ಕೆ ಜೈಪುರ ಘರಾಣೆಯ ಆ ಬಿಗುವು ಬಂದದ್ದು ಮಂಜಿ ಖಾನರಿಂದ, ಮುಂಬೈಯಲ್ಲಿ. ಅದಕ್ಕೂ ಮೊದಲಿನ ಗುರು ಮಿರಜೆಯ ನೀಲಕಂಠಬುವಾ. ಬೆಳಗಾವಿ ಸುಳೇಭಾವಿಯ ಕುಮಾರ ಗಂಧರ್ವರಿಗೆ ಮುಂಬೈಯಲ್ಲಿ ವಿದ್ಯೆ ಬಂತು, ಆಮೇಲೆ ಕ್ಷಯ ಬಂತು. ಒಣ ಹವೆ ಹುಡುಕಿ ಅವರು ಹೋದದ್ದು ಸುಳೇಭಾವಿಗಲ್ಲ, ಮಾಳವದ ದೇವಾಸಕ್ಕೆ. ಅಲ್ಲಿನ ಜನಪದ ಹಾಡು ಅವರ ಸಂಗೀತದೊಳಗೆ ಇಳಿಯಿತು. ಭೀಮಸೇನರ ಗುರು ಸವಾಯಿ ಗಂಧರ್ವರು ಕಡೆಗಾಲಕ್ಕೆ ಪುಣೆಯಲ್ಲಿದ್ದರು, 1952ರಲ್ಲಿ ಅಲ್ಲಿಯೇ ತೀರಿಕೊಂಡರು. ಮರುವರ್ಷ ಭೀಮಸೇನರು ಗುರುವಿನ ಹೆಸರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವಕ್ಕೆ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ಶಾಲು ಹೊದ್ದು ಬರುತ್ತಾರೆ. ಯಾರಿಗೆ ಯಾವ ಊರು ಒಗ್ಗುತ್ತದೆ ಎಂಬುದು ಎದೆಗೂಡಿಗೆ, ಸಂಸಾರಕ್ಕೆ, ಸಾಲಕ್ಕೆ, ಗುರುವಿಗೆ ಸಂಬಂಧಿಸಿದ ವಿಷಯ. ಅದರಿಂದ ಸತ್ವದ ತೂಕ ಮಾಡಬಾರದು. ನಿಮ್ಮ ಧಾರವಾಡ ಪೇಢೆಯನ್ನೇ ತೆಗೆದುಕೊಳ್ಳಿ. ಅದನ್ನು ಮಾಡಿದ ಠಾಕೂರರ ಮನೆತನ ಬಂದದ್ದು ಉತ್ತರದ ಉನ್ನಾವದಿಂದ, ಅದೂ ಪ್ಲೇಗಿಗೆ ಹೆದರಿ. ಮತ್ತೆ ಇಲಿ.

'ಕರ' ಎಂಬ ಪ್ರತ್ಯಯದಲ್ಲೇ ಇದೆಲ್ಲ ಇದೆ. ಸವಾಯಿ ಗಂಧರ್ವರ ನಿಜ ಹೆಸರು ರಾಮಭಾವು ಕುಂದಗೋಳಕರ. ಕುಂದಗೋಳದಲ್ಲಿ ಆ ಅಡ್ಡಹೆಸರಿಂದ ಕೂಗಿದರೆ ಓಣಿಗೋಣಿಯೇ ತಿರುಗಿ ನೋಡಬೇಕಾಗುತ್ತದೆ, ಅಲ್ಲಿ ಎಲ್ಲರೂ ಕುಂದಗೋಳದವರೇ. ಊರು ಬಿಟ್ಟವನಿಗೆ ಮಾತ್ರ ಊರು ಹೆಸರಾಗಿ ಅಂಟುತ್ತದೆ. ನಮ್ಮಲ್ಲೇ ಒಬ್ಬ ಪುಣೇಕರರಿದ್ದರು, 'ಗಂಗವ್ವ ಗಂಗಾಮಾಯಿ' ಬರೆದ ಶಂಕರ ಮೊಕಾಶಿ ಪುಣೇಕರ. ಹುಟ್ಟಿದ್ದು ಧಾರವಾಡದಲ್ಲಿ. ಪುಣೆಯಲ್ಲಿ ಕೂತು ಪುಣೇಕರನಾಗುವ ವಿಧಾನ ಹೇಳಿಕೊಡುವ ಹರಟೆ ಈ ಸರಳ ವಿಷಯವನ್ನು ಮರೆತಿದೆ.

ಮರೆಯದೆ ಬರೆದದ್ದು 'ಗಣಗೋತ' ಸಂಗ್ರಹದ 'ರಾವಸಾಹೇಬ'. ಪು.ಲ. ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಆಗ ಅವರಿಗೆ ಗಂಟುಬಿದ್ದವರು ಚಿತ್ರಮಂದಿರದ ಮಾಲೀಕ ಕೃಷ್ಣರಾವ್ ಹರಿಹರ. ಮನೆಮಾತು ಕನ್ನಡ, ಜೀವ ಸಂಗೀತ ನಾಟಕಗಳ ಮೇಲೆ, ಬಾಯಿ ತೆರೆದರೆ ಬೈಗುಳ. ಅವರ ಮರಾಠಿಯಲ್ಲಿ ಗಂಡು ಹೆಣ್ಣು ನಪುಂಸಕ ಎಲ್ಲ ಒಂದೇ ಬಂಡಿಯಲ್ಲಿ ಕೂತು ಹೊರಡುತ್ತವೆ. ನನ್ನ 'ಮೋಠಾ ವಹೀ'ಯ ಖಾಸಾ ಚಿಕ್ಕಪ್ಪ! ಪುಣೆಯ ಅಂಗಡಿಯವರು ಶಟರಿಳಿಸಿದ ಜಾಗದಲ್ಲಿ ಪು.ಲ. ಕಿವಿಗೊಟ್ಟು ಕೂತಿದ್ದಾರೆ. ಒಂದನ್ನೂ ತಿದ್ದಿಲ್ಲ. ಆ ತಪ್ಪಿನ ಲಯವನ್ನು ಹಿಡಿದೇ ಮನುಷ್ಯನ ಪೂರ್ತಿ ಎತ್ತರವನ್ನು ನಿಲ್ಲಿಸಿದ್ದಾರೆ. ಇಲ್ಲೂ ನಗುತ್ತೇವೆ, ಆದರೆ ಆ ನಗೆಗೆ ರಾವಸಾಹೇಬರನ್ನು ಚಿಕ್ಕವರನ್ನಾಗಿಸುವ ಶಕ್ತಿಯಿಲ್ಲ. ಇಲಿ ವಿಭಾಗದ ನೌಕರನಿಗೆ ಒಂದು ವಾಕ್ಯ ಸಿಕ್ಕಿತು, ಹೆಸರೂ ಸಿಗಲಿಲ್ಲ. ರಾವಸಾಹೇಬರಿಗೆ ಅವರದೇ ಬಾಯಿ ಸಿಕ್ಕಿದೆ. ಇಬ್ಬರನ್ನೂ ಬರೆದದ್ದು ಒಂದೇ ಕೈ ಎಂದು ನಂಬುವುದು ನನಗೆ ಈಗಲೂ ಕಷ್ಟ.

'ರಾವಸಾಹೇಬ' ಬರಹವನ್ನು ಕನ್ನಡಕ್ಕೆ ತರಬೇಕೆಂದು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ರಾವಸಾಹೇಬರ ಮರಾಠಿಯನ್ನು ಕೆಡಿಸಿದ್ದೇ ಕನ್ನಡ. ಕನ್ನಡಕ್ಕೆ ಬಂದ ಗಳಿಗೆಯಲ್ಲಿ ಅವರ ತಪ್ಪೆಲ್ಲ ಸರಿಯಾಗಿಬಿಡುತ್ತದೆ, ಎಲ್ಲರಂತೆ ಮಾತಾಡತೊಡಗುತ್ತಾರೆ. ಬೆಳಗಾವಿ, ವಿಜಯಪುರ, ಸೊಲ್ಲಾಪುರ ಕಡೆಯ ಓದುಗರು ಮರಾಠಿಯಲ್ಲೇ ಓದಿಕೊಳ್ಳಬಹುದು. 'ಗಣಗೋತ' ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಮಧ್ಯಾಹ್ನ ಒಂದರೊಳಗೆ ಹೋಗಿ.