ಮನೋಹರ ಗ್ರಂಥಮಾಲೆ: ಪ್ರಕಾಶಕನ ವಿವೇಕ

ಕವಿಯನ್ನೂ ವಿಮರ್ಶಕನನ್ನೂ ಸ್ಮರಿಸುವ ಸಾಹಿತ್ಯಚರಿತ್ರೆ ಪ್ರಕಾಶಕನನ್ನು ಸಾಮಾನ್ಯವಾಗಿ ಪುಸ್ತಕದ ರಕ್ಷಾಪುಟದಲ್ಲಿಯೇ ಬಿಟ್ಟುಬಿಡುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆಯ ವಿಷಯದಲ್ಲಿ ಹಾಗೆ ಮಾಡಿದರೆ ನವ್ಯ ಸಾಹಿತ್ಯದ ಒಂದು ಮುಖವೇ ಮರೆಯಾದೀತು.

1933ರಲ್ಲಿ ಈ ಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರು (1904–1993) ಸ್ವತಃ 'ಜಡಭರತ'ರೆಂಬ ಹೆಸರಿನ ನಾಟಕಕಾರರು. ಮಾಲೆಗೆ ಆಧಾರವಾದವರು ಚಂದಾದಾರರು. ಮುಂಗಡವಾಗಿ ಹಣ ಕೊಟ್ಟ ಓದುಗನ ಮನೆಗೆ ಅವನು ಆರಿಸದ ಪುಸ್ತಕವೂ ಬರುತ್ತದೆ. ಆ ವಿಶ್ವಾಸವನ್ನು ಜನಪ್ರಿಯ ಸರಕು ದಾಟಿಸಲು ಬಳಸಬಹುದು, ಅಭಿರುಚಿಯನ್ನು ಬೆಳೆಸಲೂ ಬಳಸಬಹುದು. ಜೋಶಿಯವರು ಎರಡನೆಯದನ್ನು ಆರಿಸಿಕೊಂಡರೆಂಬುದಕ್ಕೆ ಅವರು ಪ್ರಕಟಿಸಿದ ಕೃತಿಗಳೇ ಸಾಕ್ಷಿ.

ರಾವಬಹಾದ್ದೂರರ 'ಗ್ರಾಮಾಯಣ'ವನ್ನೇ (1957) ನೋಡಬಹುದು. ಇಲ್ಲಿ ಒಬ್ಬ ನಾಯಕನಿಲ್ಲ. ಪಾದಳ್ಳಿಯೆಂಬ ಊರೇ ನಾಯಕ. ಒಳಜಗಳ, ದುರಾಸೆಗಳಲ್ಲಿ ಒಂದು ಗ್ರಾಮಜೀವನ ಕುಸಿಯುವುದನ್ನು ಲೇಖಕರು ಗ್ರಾಮದ ಗುಣಗಾನ ಮಾಡದೆ, ಸುಧಾರಣೆಯ ಉಪದೇಶಕ್ಕೂ ಇಳಿಯದೆ ತೋರಿಸಿದ್ದಾರೆ. ಆದರ್ಶವನ್ನು ನಿರೀಕ್ಷಿಸಿದ ವಾಚಕನಿಗೆ ಇದು ಕಹಿಯೇ. ಆ ಕಹಿಯನ್ನು ಮನೆಮನೆಗೆ ಮುಟ್ಟಿಸಲು ಪ್ರಕಾಶಕನಿಗೂ ಧೈರ್ಯ ಬೇಕು.

1961ರಲ್ಲಿ ಇಪ್ಪತ್ತಮೂರರ ತರುಣ ಗಿರೀಶ ಕಾರ್ನಾಡರ 'ಯಯಾತಿ', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ', 1969ರಲ್ಲಿ ಷಿಕಾಗೋದಲ್ಲಿದ್ದ ಎ. ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ' ಪ್ರಕಟವಾದವು. ಶವಸಂಸ್ಕಾರದ ಪ್ರಶ್ನೆಯಿಂದ ಅಗ್ರಹಾರದ ಧರ್ಮಪ್ರಜ್ಞೆಯನ್ನೇ ಅಲುಗಾಡಿಸಿದ ಅನಂತಮೂರ್ತಿಯವರ ಕಾದಂಬರಿ ವಿವಾದಕ್ಕೆ ಗುರಿಯಾದದ್ದು ಸರ್ವವಿದಿತ. ಅನಂತಮೂರ್ತಿಯವರು ಮಲೆನಾಡಿನವರು, ರಾಮಾನುಜನ್ನರು ಮೈಸೂರಿನವರು. ಧಾರವಾಡದ ಮಾಲೆ ಧಾರವಾಡದವರಿಗಷ್ಟೇ ಮೀಸಲಾಗಲಿಲ್ಲ. ಸುಭಾಸ ರಸ್ತೆಯ ಆ 'ಅಟ್ಟ' ಎಷ್ಟು ಇಕ್ಕಟ್ಟಿನದಾದರೇನು!

ಈ ಆಯ್ಕೆಯ ಹಿಂದೆ ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶನದೃಷ್ಟಿಯಿತ್ತು. ಮಾಲೆಯ ಬೆಳ್ಳಿಹಬ್ಬದ 'ನಡೆದು ಬಂದ ದಾರಿ' ಸಂಪುಟಗಳು ಸ್ವಪ್ರಶಂಸೆಯಾಗದೆ ಆಧುನಿಕ ಕನ್ನಡ ಸಾಹಿತ್ಯದ ಸಮೀಕ್ಷೆಯಾದವು. ಪುಸ್ತಕ ಪ್ರಕಟಿಸುವವನೇ ಸಾಹಿತ್ಯದ ಬೆಲೆ ಕಟ್ಟಲು ಹೊರಟರೆ ಸಂಶಯ ಸಹಜ. ಆ ಸಂಶಯವನ್ನು ಸಂಪೂರ್ಣ ತಳ್ಳಿಹಾಕಲಾಗದು: ಮಾಲೆ ಬೆಳೆಸಿದ ಅಭಿರುಚಿಯೇ ಅಳತೆಗೋಲಾದಾಗ ಅದಕ್ಕೆ ಒಗ್ಗದ ಬರಹ ಹೊರಗುಳಿಯಬಹುದು. ಆದರೂ ಆ ಸಂಪುಟಗಳನ್ನು ಬದಿಗಿಟ್ಟು ಆ ಕಾಲದ ಸಾಹಿತ್ಯವನ್ನು ಅಭ್ಯಸಿಸುವುದು ವಿದ್ಯಾರ್ಥಿಗೆ ಇಂದಿಗೂ ಕಷ್ಟ.

ಲೇಖಕ-ಪ್ರಕಾಶಕರ ಸಂಬಂಧ ಇಲ್ಲಿ ಒಂದು ಪುಸ್ತಕಕ್ಕೆ ಮುಗಿಯುವಂಥದಲ್ಲ. 'ಯಯಾತಿ' ಪ್ರಕಟವಾಗಿ ಐವತ್ತು ವರ್ಷಗಳಾದ ಮೇಲೆ, 2011ರಲ್ಲಿ, ಕಾರ್ನಾಡರು ತಮ್ಮ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಇದೇ ಮಾಲೆಗೆ ಕೊಟ್ಟರು.